ಸೌದೆಯ ಬಟ್ಟಿಯಿಂದ ಪ್ಲಾಸ್ಟಿಕ್ ಎಣ್ಣೆಯವರೆಗೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಎಂದರೆ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ನೆನಪಿಗೆ ಬರುತ್ತದೆ. ಊರಿನ ಸುತ್ತ ತೆಂಗಿನ ಸೀಮೆ. ಇಲ್ಲಿನವರಿಗೆ ಚಿಪ್ಪಿನ ಇದ್ದಿಲು ಹೊಸದೇನಲ್ಲ. ಚಿಪ್ಪಿಗೆ ಬೆಂಕಿ ಹೊತ್ತಿಸಿ, ಗಾಳಿ ಸೋಕದಂತೆ ಮುಚ್ಚಿದರೆ ಅದು ಬೂದಿಯಾಗದೆ ಇದ್ದಿಲಾಗುತ್ತದೆ. ಪ್ಲಾಸ್ಟಿಕ್ ಕಸದಿಂದ ಎಣ್ಣೆ ತೆಗೆಯುವ ‘ಪೈರಾಲಿಸಿಸ್’ ವಿಧಾನದ ತಿರುಳೂ ಇದೇ: ಉರಿಸದೆ ಕಾಯಿಸುವುದು.

ಈ ವಿದ್ಯೆಯನ್ನು ಮೈಸೂರು ಸಂಸ್ಥಾನ ದೊಡ್ಡ ಪ್ರಮಾಣದಲ್ಲೇ ಬಳಸಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದರ ಕುಲುಮೆಗೆ ಬೇಕಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಸೌದೆಯ ಇದ್ದಿಲು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಬಂದ ಹೊಗೆಯನ್ನು ತಣಿಸಿ ಟಾರು, ಮರದ ಮದ್ಯಸಾರ ಮೊದಲಾದವನ್ನೂ ಪಡೆಯಲಾಗುತ್ತಿತ್ತು. ಅದಕ್ಕಾಗಿ ಕಾಡು ತೆತ್ತ ಬೆಲೆಯ ಮಾತು ಬೇರೆ.

ಪ್ಲಾಸ್ಟಿಕ್ಕಿನ ಮೂಲ ಪೆಟ್ರೋಲಿಯಂ. ಗಾಳಿಯಿಲ್ಲದ ಪಾತ್ರೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗಿ ಆವಿಯಾಗುತ್ತವೆ. ಆವಿ ತಣಿದರೆ ಎಣ್ಣೆ. ತಣಿಯದೆ ಉಳಿದ ಅನಿಲವನ್ನು ಒಲೆಗೇ ಉರುವಲಾಗಿ ಕೊಡಬಹುದು. ತಳದಲ್ಲಿ ಕರಿ ಉಳಿಯುತ್ತದೆ.

ಕೇಳಲು ಸುಲಭ. ತೊಡಕಿರುವುದು ಕಸದ ಬುಟ್ಟಿಯಲ್ಲಿ. ತೆಂಗಿನ ತೋಟವನ್ನೇ ನೋಡಿ. ಹನಿ ನೀರಾವರಿಯ ಕಪ್ಪು ಕೊಳವೆ ಸಾಮಾನ್ಯವಾಗಿ ಪಾಲಿಥೀನ್. ಎಣ್ಣೆಗೆ ಒಳ್ಳೆಯ ಸರಕು. ಹಾಲಿನ ಪೊಟ್ಟಣವೂ ಹಾಗೆಯೇ. ಅದೇ ತೋಟದ ಗಟ್ಟಿ ಪೈಪು ಪಿವಿಸಿ. ಅದರ ರಾಳದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಕ್ಲೋರಿನ್. ಅದು ಬಟ್ಟಿಗೆ ಬಿದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಯಂತ್ರವನ್ನೇ ತಿನ್ನುತ್ತದೆ, ಎಣ್ಣೆಯೂ ಕೆಡುತ್ತದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನಿಂದ ಎಣ್ಣೆ ಹೆಚ್ಚು ಬಾರದು. ಅದನ್ನು ನೂಲಾಗಿಸುವುದೇ ಲೇಸು.

ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರಲ್ಲಿ ಆರಂಭಿಸಿದ ಘಟಕ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ಕಿನಿಂದ ಸುಮಾರು 800 ಲೀಟರ್ ಡೀಸೆಲ್ ಪಡೆಯುವ ಉದ್ದೇಶದ್ದು. ಆದರೆ ಬಟ್ಟಿಯಿಂದ ಇಳಿದ ಎಣ್ಣೆ ಹಾಗೆಯೇ ವಾಹನಕ್ಕೆ ಒಗ್ಗದು, ಶುದ್ಧೀಕರಣ ಬೇಕು. ಹೊಗೆಗೆ ಲಗಾಮಿಲ್ಲದ ತಗಡಿನ ಶೆಡ್ಡಿನಲ್ಲಿ ಈ ಕೆಲಸ ನಡೆದರೆ ಬದುವಿನಲ್ಲಿ ಕಸ ಸುಡುವುದಕ್ಕಿಂತ ಹೆಚ್ಚೇನೂ ವಾಸಿಯಲ್ಲ.

ಕೇಂದ್ರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ ಮರುಬಳಕೆಗೆ ಒದಗದ ಪ್ಲಾಸ್ಟಿಕ್ಕನ್ನೇ ಆದ್ಯತೆಯಿಂದ ರಸ್ತೆಗೆ, ಎಣ್ಣೆಗೆ ಬಳಸಬೇಕೆನ್ನುತ್ತವೆ. ಅಂದರೆ ಬಟ್ಟಿಗಿಂತ ಮೊದಲು ಬೇಕಾದುದು ವಿಂಗಡಣೆ. ಮಣ್ಣು ಮೆತ್ತಿದ ರಾಶಿಯ ಮುಂದೆ ಕುಳಿತು, ಹನಿ ಕೊಳವೆಯನ್ನು ಒಂದು ಚೀಲಕ್ಕೆ, ಪಿವಿಸಿ ಚೂರನ್ನು ಇನ್ನೊಂದಕ್ಕೆ ಹಾಕುವ ಕೆಲಸ ಇನ್ನೂ ಬಹುಮಟ್ಟಿಗೆ ಕೈಯಿಂದಲೇ ನಡೆಯುತ್ತದೆ.