ಮನೆಗೊಂದು ಕಂಪ್ಯೂಟರ್, ಬಾಳಿಕೆ ಬರುವಂಥದ್ದು

ದೊಡವಾಡ ಬೈಲಹೊಂಗಲ ತಾಲ್ಲೂಕಿನ ಊರು, ಧಾರವಾಡ ಜಿಲ್ಲೆಯ ಗಡಿಗೆ ಹತ್ತಿರ. ಇಲ್ಲಿಯವರು ಕಂಪ್ಯೂಟರ್ ಕೊಳ್ಳಬೇಕೆಂದರೆ ಬೈಲಹೊಂಗಲಕ್ಕೋ ಧಾರವಾಡಕ್ಕೋ ಹೋಗಬೇಕು, ಆಯ್ಕೆ ಇನ್ನಷ್ಟು ಬೇಕೆಂದರೆ ಹುಬ್ಬಳ್ಳಿಗೆ. ಹತ್ತಿಯೋ ಕಡಲೆಯೋ ಮಾರಿ ಬಂದ ಹಣದಲ್ಲಿ ಮಕ್ಕಳ ಓದಿಗೆಂದು ಇಪ್ಪತ್ತು, ಇಪ್ಪತ್ತೈದು ಸಾವಿರ ಎತ್ತಿಡುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಮೂರು ವರ್ಷಕ್ಕೆ ಮೂಲೆ ಸೇರುವ ಯಂತ್ರ ತಂದರೆ ಮತ್ತೆ ಅಷ್ಟು ಹಣ ಹೊಂದಿಸುವುದು ಕಷ್ಟ. ಆದರೂ ಅಂಗಡಿಯ ಮುಂದೆ ನಿಂತಾಗ ನಮ್ಮನ್ನು ನಡೆಸುವುದು ಅವರಿವರಿಂದ ಕೇಳಿದ ಮಾತು. ಅವುಗಳಲ್ಲಿ ಹೆಚ್ಚು ಹಣ ನುಂಗುವ ಕೆಲವನ್ನು ಇಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

“ಹೊಸಾದು ಅಂದ್ರ ಗಟ್ಟಿ, ಹಳೇದು ಅಂದ್ರ ಡಬ್ಬಿ”

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಹೊಸ ಲ್ಯಾಪ್‌ಟಾಪ್‌ಗಳ ಒಳಗೆ ಏನಿರುತ್ತದೆ ನೋಡಿ. ಬಹುಪಾಲು ಸೆಲೆರಾನ್ ದರ್ಜೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ. ಎಷ್ಟೋ ಮಾದರಿಗಳಲ್ಲಿ ಆ ರ‍್ಯಾಮ್ ಮತ್ತು ಸಂಗ್ರಹ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಎರಡು ವರ್ಷದ ನಂತರ ಸಾಲದು ಅನ್ನಿಸಿದರೆ ಹೆಚ್ಚಿಸಲು ಬರುವುದಿಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆಯೇ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ಅಂದರೆ ಆ ಯಂತ್ರ ಕೊಂಡ ದಿನವೇ ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತದೆ. ಹೊಸ ಡಬ್ಬ, ಹೊಸ ಸ್ಟಿಕರು, ಒಂದು ವರ್ಷದ ವಾರಂಟಿ ಎಲ್ಲ ಸರಿ. ಬಾಳಿಕೆ ಮಾತ್ರ ಅದರೊಳಗಿಲ್ಲ.

ಇನ್ನೊಂದು ಕಡೆ ಬೆಂಗಳೂರಿನಂಥ ಊರಿನ ದೊಡ್ಡ ಕಚೇರಿಗಳು ಬಾಡಿಗೆ ಕರಾರಿನ ಮೇಲೋ ನೇರವಾಗಿಯೋ ಸಾವಿರಗಟ್ಟಲೆ ಯಂತ್ರ ತಂದು, ವಾರಂಟಿ ಮುಗಿದ ಕೂಡಲೇ ಒಟ್ಟಿಗೆ ಹೊರಹಾಕುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಹೀಗೆ ಬರುವ ಡೆಸ್ಕ್‌ಟಾಪ್‌ಗಳು. ಇವನ್ನು ಮಾಡುವಾಗಲೇ ರಿಪೇರಿಯ ಲೆಕ್ಕ ಇಟ್ಟುಕೊಂಡಿರುತ್ತಾರೆ, ಏಕೆಂದರೆ ಕಚೇರಿಯ ತಂತ್ರಜ್ಞ ನಿಮಿಷದಲ್ಲಿ ಮುಚ್ಚಳ ತೆಗೆದು ಭಾಗ ಬದಲಿಸಬೇಕು. ಬಿಚ್ಚುವ ಕ್ರಮ ಹೇಳುವ ಕೈಪಿಡಿಗಳನ್ನು ಕಂಪನಿಗಳೇ ಎಲ್ಲರಿಗೂ ತೆರೆದಿಟ್ಟಿವೆ. 2018ರಲ್ಲಿ ಬಂದ ಆರು ಕೋರಿನ ಐ5-8500 ಇರುವ ಅಂಥ ಯಂತ್ರಕ್ಕೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿದರೆ, ಅದೇ ಬೆಲೆಯ ಹೊಸ ಸೆಲೆರಾನ್ ಲ್ಯಾಪ್‌ಟಾಪ್ ಅದರ ಹತ್ತಿರಕ್ಕೂ ಬರುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ಬಜೆಟ್ಟಿನ ಮನೆಗೆ ಕಚೇರಿ ದರ್ಜೆಯ ಹಳೆಯ ಡೆಸ್ಕ್‌ಟಾಪೇ ಸರಿ.

ಹಾಗೆಂದು ಹಳೆಯದೆಲ್ಲ ಒಳ್ಳೆಯದಲ್ಲ. ನೋಡಿಯೇ ಕೊಳ್ಳಬೇಕು. ಜಿಎಸ್‌ಟಿ ಬಿಲ್ಲು ಮತ್ತು ಬರಹದಲ್ಲಿ ವಾರಂಟಿ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಡಬ್ಬದ ಹಿಂದಿನ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಅದು ಯಾವ ಮಾದರಿ, ಅದರ ವಾರಂಟಿ ಯಾವಾಗ ಮುಗಿಯಿತು ಎಂಬುದು ತಿಳಿಯುತ್ತದೆ. ಯಂತ್ರ ಚಾಲೂ ಮಾಡಿ ಬಯಾಸ್ ಒಳಗೆ ಹೋಗಲು ಹೇಳಿ. ಅಲ್ಲಿ ಹಿಂದಿನ ಕಚೇರಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಯಂತ್ರ ಬೇಡ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕು ಒಟ್ಟು ಎಷ್ಟು ತಾಸು ಓಡಿದೆ, ಅದರ ಆರೋಗ್ಯ ಹೇಗಿದೆ ಎಂದು ತೋರಿಸುತ್ತದೆ. ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿ. ಒಂದು ಕೊರತೆಯೂ ಗೊತ್ತಿರಲಿ: ಈ ಬ್ರ್ಯಾಂಡೆಡ್ ಡಬ್ಬಗಳ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಎಷ್ಟೋ ಸಲ ಆಯಾ ಕಂಪನಿಯ ಅಳತೆಯದೇ ಆಗಿರುತ್ತದೆ. ಅದು ಕೆಟ್ಟರೆ ಬೈಲಹೊಂಗಲದ ಅಂಗಡಿಯಲ್ಲಿ ತಕ್ಷಣ ಸಿಗದೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ತರಿಸಬೇಕಾದೀತು.

“ಐ7 ಐತಿ ಅಂದ್ರ ಕಣ್ಣು ಮುಚ್ಚಿ ತಗೋಬಹುದು”

ಎತ್ತು ಕೊಳ್ಳುವವರು ಕೊಂಬಿನ ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ, ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಪ್ರೊಸೆಸರಿನ ಹಲ್ಲು ಅದರ ಹೆಸರಿನ ಮುಂದಿನ ಅಂಕಿಯಲ್ಲಿದೆ. ಐ7-2600 ಎಂದರೆ ಎರಡನೇ ಪೀಳಿಗೆ, 2011ರದು. ಐ5-8500 ಎಂಟನೆಯದು. ಐ3-12100 ಹನ್ನೆರಡನೆಯದು, 2022ರದು. ಈ ಮೂರರಲ್ಲಿ ಆ ಐ7 ಎಲ್ಲಕ್ಕಿಂತ ನಿಧಾನ, ಕರೆಂಟ್ ಮಾತ್ರ ಜಾಸ್ತಿ ತಿನ್ನುತ್ತದೆ. ಆದರೂ “ಐ7” ಎಂಬ ಸ್ಟಿಕರಿನ ಬಲದಿಂದಲೇ ಹದಿನಾಲ್ಕು, ಹದಿನೈದು ವರ್ಷದ ಯಂತ್ರಗಳು ಇಂದಿಗೂ ಮಾರಾಟವಾಗುತ್ತಿವೆ.

ಪೀಳಿಗೆ ಏಕೆ ಮುಖ್ಯ ಎನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಈಚಿನವನ್ನು, ಎಎಂಡಿಯಲ್ಲಿ ರೈಜೆನ್ 2000 ಸಾಲಿನಿಂದ ಈಚಿನವನ್ನು. ಜತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. ಆದ್ದರಿಂದ ಆರು, ಏಳನೇ ಪೀಳಿಗೆಯ ಯಂತ್ರಗಳು ಈಗ ಅಗ್ಗಕ್ಕೆ ಸುರಿಯುತ್ತಿವೆ. ವಿಂಡೋಸೇ ಬೇಕೆನ್ನುವವರು ಅವುಗಳಿಗೆ ಮರುಳಾಗಬಾರದು. ಹೊಸ ಮಾದರಿಗಳಲ್ಲಿ ಇಂಟೆಲ್ ಹೆಸರಿನ ಪದ್ಧತಿಯನ್ನೇ ಬದಲಿಸಿದೆ, “ಐ” ಅಕ್ಷರ ಹೋಗಿ ಬರೀ ಕೋರ್ 5, ಕೋರ್ ಅಲ್ಟ್ರಾ ಎಂದು ಬರುತ್ತಿದೆ. ಅಂಥವನ್ನು ಕೊಳ್ಳುವಾಗ ಬಂದ ವರ್ಷವನ್ನೇ ಕೇಳಿ.

“ಭಾಳ ಹ್ಯಾಂಗ್ ಆಗಾಕತ್ತೈತಿ, ಇದರ ಆಯುಷ್ಯ ಮುಗದೈತಿ”

ಹೀಗೆ ಹೇಳಿ ಎತ್ತಿ ಬಿಸಾಡಿದ ಕಂಪ್ಯೂಟರುಗಳಲ್ಲಿ ಎಷ್ಟೋ ಇನ್ನೂ ಕೆಲಸ ಮಾಡುವಂಥವು. ಬಟನ್ ಒತ್ತಿ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ ಎಂದರೆ ದೋಷ ಸಾಮಾನ್ಯವಾಗಿ ಪ್ರೊಸೆಸರಿನದಲ್ಲ, ಹಾರ್ಡ್‌ಡಿಸ್ಕಿನದು. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಮಾಹಿತಿ ಹುಡುಕಬೇಕು. ಪ್ರತಿ ಹುಡುಕಾಟಕ್ಕೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ. ಸಣ್ಣದೆನಿಸಬಹುದು, ಆದರೆ ವಿಂಡೋಸ್ ಏಳುವಾಗ ಅಂಥ ಹುಡುಕಾಟಗಳು ಸಾವಿರಗಟ್ಟಲೆ ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹುಡುಕಾಟ ನೂರು ಪಟ್ಟು ಬೇಗ ಮುಗಿಯುತ್ತದೆ. ಆರೇಳು ವರ್ಷದ ಯಂತ್ರಕ್ಕೆ 256 ಜಿಬಿ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿಗೆ ಏರಿಸಿದರೆ ಮನೆಮಂದಿ “ಇದು ನಮ್ಮದೇ ಏನು?” ಎಂದು ಕೇಳುವಂತಾಗುತ್ತದೆ.

“ಎಸ್‌ಎಸ್‌ಡಿ ಬೇಗ ಸವೀತೈತಿ” ಎಂಬ ಹೆದರಿಕೆಯೂ ಇದೆ. ಲೆಕ್ಕ ಹಾಕೋಣ. ಒಳ್ಳೆಯ ಕಂಪನಿಯ 250 ಜಿಬಿ ಎಸ್‌ಎಸ್‌ಡಿಗೆ 100 ಟಿಬಿ ಇಲ್ಲವೇ ಅದಕ್ಕಿಂತ ಹೆಚ್ಚು ಬರೆಯಬಹುದೆಂದು ತಯಾರಕರೇ ಹೊಣೆ ಹೊರುತ್ತಾರೆ. ಮನೆಯ ಬಳಕೆಯಲ್ಲಿ ದಿನಕ್ಕೆ 10 ಜಿಬಿ ಬರೆದರೂ 100 ಟಿಬಿ ಮುಗಿಯಲು ಹತ್ತು ಸಾವಿರ ದಿನ, ಅಂದರೆ 27 ವರ್ಷ ಬೇಕು. ಸವೆತದ ಚಿಂತೆ ಬಿಡಿ, ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿಯ ಚಿಂತೆ ಮಾಡಿ.

ರ‍್ಯಾಮ್ ವಿಷಯದಲ್ಲಿ ಈಗ ಒಂದು ಎಚ್ಚರಿಕೆ ಬೇಕು. ಎಐ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ವಿಪರೀತ ಏರಿದೆ. “ಈಗ 4 ಜಿಬಿ ತಗೊಳ್ರಿ, ಮುಂದ ಹಾಕಿಸಿದ್ರಾತು” ಎನ್ನುವ ಹಳೆಯ ಸಲಹೆ ಈಗ ನಡೆಯದು. 8 ಜಿಬಿ, ಸಾಧ್ಯವಾದರೆ 16 ಜಿಬಿ ಮೊದಲೇ ಕೂತಿರುವ ಯಂತ್ರವನ್ನೇ ಹುಡುಕಿ.

ಇನ್ನೊಂದು ಸಣ್ಣ ಸಂಗತಿಗೆ ದೊಡ್ಡ ಹೆದರಿಕೆ ಅಂಟಿಕೊಂಡಿದೆ. ಚಾಲೂ ಮಾಡಿದಾಗಲೆಲ್ಲ ತಾರೀಖು ತಪ್ಪಾಗುವುದು, ಎಫ್1 ಒತ್ತು ಎಂದು ಕೇಳುವುದು ಮದರ್‌ಬೋರ್ಡ್ ಹೋದ ಲಕ್ಷಣವಲ್ಲ. ಬೋರ್ಡಿನ ಮೇಲಿರುವ ಬಿಲ್ಲೆಯಾಕಾರದ ಸಿಆರ್2032 ಸೆಲ್ ಮುಗಿದಿರುತ್ತದೆ, ಅಷ್ಟೆ. ಗಡಿಯಾರದ ಅಂಗಡಿಯಲ್ಲೂ ಅದು ಸಿಗುತ್ತದೆ.

“ಲ್ಯಾಪ್‌ಟಾಪೇ ಛಲೋ, ಕರೆಂಟ್ ಹೋದ್ರೂ ನಡೀತೈತಿ”

ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವ ಹುಡುಗಿಗೆ, ಹುಡುಗನಿಗೆ ಲ್ಯಾಪ್‌ಟಾಪೇ ಬೇಕು, ಅದರಲ್ಲಿ ವಾದವಿಲ್ಲ. ಅವರಿಗೂ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥ ಕಚೇರಿ ದರ್ಜೆಯ ಹಳೆಯ ಮಾದರಿಗಳೇ ಮೇಲು. ಆದರೆ ಮನೆ ಬಿಟ್ಟು ಕದಲದ ಯಂತ್ರಕ್ಕೆ ಲ್ಯಾಪ್‌ಟಾಪ್ ಏಕೆ? ಬ್ಯಾಟರಿ ಮುನ್ನೂರರಿಂದ ಐನೂರು ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತದೆ. ಕೀಬೋರ್ಡಿನ ಒಂದು ಗುಂಡಿ ಕೆಟ್ಟರೆ ಡೆಸ್ಕ್‌ಟಾಪಿಗೆ ಕೆಲವು ನೂರು ರೂಪಾಯಿಯ ಹೊಸ ಕೀಬೋರ್ಡ್ ಸಾಕು, ಲ್ಯಾಪ್‌ಟಾಪಿಗೆ ಇಡೀ ಮೈ ಬಿಚ್ಚಬೇಕು. ಹಾಸಿಗೆಯಲ್ಲಿ ಕೌದಿಯ ಮೇಲಿಟ್ಟು ಬಳಸುವ ರೂಢಿ ಬೇರೆ. ಗಾಳಿ ಹೋಗುವ ಕಿಂಡಿಗಳು ಕೆಳಗೇ ಇರುವುದರಿಂದ ಕೌದಿ ಅವನ್ನು ಮುಚ್ಚಿಬಿಡುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಯಂತ್ರ ಒಳಗೊಳಗೇ ಬೇಯುತ್ತದೆ.

“ಸ್ಟೆಬಿಲೈಜರ್ ಐತಲ್ಲ, ಮತ್ತೇನ ಬೇಕು?”

ಸ್ಟೆಬಿಲೈಜರ್ ವೋಲ್ಟೇಜನ್ನು ಸರಿದೂಗಿಸಬಹುದು, ಹೋದ ಕರೆಂಟನ್ನು ತಂದುಕೊಡಲಾರದು. ಡೆಸ್ಕ್‌ಟಾಪ್ ಆಯುಷ್ಯವನ್ನು ನಮ್ಮ ಭಾಗದಲ್ಲಿ ಕಡಿಮೆ ಮಾಡುವುದು ಪದೇಪದೇ ಫಕ್ಕನೆ ಹೋಗಿ ಬರುವ ವಿದ್ಯುತ್ತು. ಮುಂಗಾರಿಗೆ ಮೊದಲಿನ ಗಾಳಿಮಳೆಯ ದಿನಗಳಲ್ಲಂತೂ ಹೆಸ್ಕಾಂ ತಂತಿಗಳಿಗೆ ನೆಮ್ಮದಿಯೇ ಇಲ್ಲ. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತಗಳು ಹರಿಯುತ್ತವೆ, ಬಂದಾಗ ನುಗ್ಗುವ ಹೆಚ್ಚಿನ ವೋಲ್ಟೇಜು ಎಸ್‌ಎಂಪಿಎಸ್ ಸುಡುತ್ತದೆ. 600 ವಿಎ ಯುಪಿಎಸ್ ಇದ್ದರೆ ಕೆಲಸ ಉಳಿಸಿ ನೆಮ್ಮದಿಯಿಂದ ಬಂದ್ ಮಾಡಲು ಬೇಕಾದ ನಿಮಿಷಗಳು ಸಿಗುತ್ತವೆ. ಯುಪಿಎಸ್ ಎರಡು ಮೂರು ವರ್ಷಕ್ಕೆ ಕೈಕೊಟ್ಟರೆ ಅದನ್ನೂ ಬಿಸಾಡಬೇಡಿ. ಒಳಗಿನ 12 ವೋಲ್ಟಿನ ಬ್ಯಾಟರಿ ಬದಲಿಸಿದರೆ ಮತ್ತೆ ನಡೆಯುತ್ತದೆ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನು ಒತ್ತಿ ಹೇಳುತ್ತೇನೆ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಹಸಿ ಹಿಡಿದಿಟ್ಟುಕೊಂಡು ಒಳ್ಳೆಯ ಅರ್ಥ್ ಕೊಡುವ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಅರ್ಥ್ ಸಲಾಕೆಯ ಸುತ್ತ ಮಣ್ಣೇ ಅಂಟಿರುವುದಿಲ್ಲ. ಡಬ್ಬ ಮುಟ್ಟಿದರೆ ಕೈಗೆ ಜುಮ್ಮೆನ್ನುವುದು ಅದರ ಸುಳಿವು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ. ವೈರಿಂಗ್ ಮಾಡುವವರನ್ನು ಕರೆಸಿ ಮೂರನೇ ಪಿನ್ನಿಗೆ ನಿಜವಾಗಿ ತಂತಿ ಬಂದಿದೆಯೇ ಎಂದು ನೋಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಬಂದಿರುವುದಿಲ್ಲ.

ರಾಶಿಯ ಕಾಲದ ಹೊಟ್ಟು, ಎರೆಮಣ್ಣಿನ ಧೂಳು ಫ್ಯಾನಿಗೆ ಮೆತ್ತಿ ಶಾಖ ಹೊರಹೋಗದಂತೆ ಮಾಡುತ್ತವೆ. ವರ್ಷಕ್ಕೆರಡು ಸಲ ವೈರ್ ಕಿತ್ತು, ಮುಚ್ಚಳ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಕುಂಚದಿಂದ ಗುಡಿಸಿದರೆ ಸಾಕು.

“ಗ್ರಾಫಿಕ್ ಕಾರ್ಡ್ ಇರಲೇಬೇಕು, ಆ್ಯಂಟಿವೈರಸ್ ಕೊಳ್ಳಲೇಬೇಕು”

ಎರಡೂ ಬೇಕಿಲ್ಲ. ಪಾಠದ ವಿಡಿಯೊ, ಟೈಪಿಂಗ್, ಸಿಇಟಿ ಅರ್ಜಿ, ಸೇವಾ ಸಿಂಧು ಇವಕ್ಕೆಲ್ಲ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಧಾರಾಳ. ವಿಂಡೋಸಿನ ಜತೆ ಬರುವ ಡಿಫೆಂಡರ್ ಮನೆಗೆ ಸಾಕು. ಆ ದುಡ್ಡು ಯುಪಿಎಸ್‌ಗೆ ಹೋಗಲಿ.

“ವಿಂಡೋಸ್ ಇಲ್ಲಂದ್ರ ಕನ್ನಡ ಟೈಪ್ ಆಗೂದಿಲ್ಲ”

ಆಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ, ನುಡಿ ತಂತ್ರಾಂಶದಲ್ಲಿ ನಾವು ಬಳಸುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸುವಾಗ ಅದನ್ನು ಆರಿಸಿದರೆ ಬೆರಳು ಕಲಿತ ಜಾಗದಲ್ಲೇ ಅಕ್ಷರ ಬರುತ್ತವೆ, ಅದೂ ಯೂನಿಕೋಡಿನಲ್ಲಿ. ಈಗಾಗಲೇ ಮನೆಯಲ್ಲಿರುವ ಏಳನೇ ಪೀಳಿಗೆಯ ಒಳಗಿನ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಸಿದರೆ ಇನ್ನೂ ಹಲವು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತವೆ. ಮಿಂಟ್ 22ರ ಬೆಂಬಲ 2029ರ ಏಪ್ರಿಲ್‌ವರೆಗೆ ಇದೆ, ಖರ್ಚು ಸೊನ್ನೆ. ತೊಡಕು ಬರುವುದು ಹಳೆಯ ನುಡಿ ಫಾಂಟುಗಳಲ್ಲಿ ಮಾಡಿಟ್ಟ ಕಡತಗಳ ಜತೆ ದಿನವೂ ಕೆಲಸ ಮಾಡಬೇಕಾದವರಿಗೆ, ಡಿಟಿಪಿ ಮಾಡುವವರಿಗೆ. ಅವರು ವಿಂಡೋಸಿನಲ್ಲೇ ಇರುವುದು ಒಳ್ಳೆಯದು.

ವಿಂಡೋಸೇ ಆದರೆ “ಫ್ರೀ ಹಾಕಿ ಕೊಡ್ತೀವ್ರಿ” ಎಂಬ ಕಳ್ಳ ಪ್ರತಿ ಬೇಡ. ಅದನ್ನು ಚಾಲೂ ಮಾಡುವ ತಂತ್ರಾಂಶಗಳ ಜತೆ ಕುತಂತ್ರಾಂಶ ನುಸುಳುವುದು ಮಾಮೂಲು, ಮತ್ತು ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಕಚೇರಿಗಳಿಂದ ಬರುವ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಬಹುಪಾಲು ಅಸಲಿ ವಿಂಡೋಸಿನ ಪರವಾನಗಿ ಬೋರ್ಡಿನಲ್ಲೇ ಅಡಗಿರುತ್ತದೆ. ಸೆಟ್ಟಿಂಗಿನ ಆ್ಯಕ್ಟಿವೇಶನ್ ಪುಟದಲ್ಲಿ ಅದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ.

“ಕಂಪ್ಯೂಟರ್ ಗಟ್ಟಿ ಇದ್ರ ಒಳಗಿಂದೂ ಗಟ್ಟಿ”

ಯಂತ್ರ ಎಷ್ಟೇ ಒಳ್ಳೆಯದಿರಲಿ, ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಹೊಲದ ಪಹಣಿಯ ಸ್ಕ್ಯಾನ್ ಪ್ರತಿಗಳು ಒಂದೇ ಡಿಸ್ಕಿನಲ್ಲಿರಬಾರದು. ಎಸ್‌ಎಸ್‌ಡಿ ಹಾಕಿದಾಗ ಉಳಿಯುವ ಹಳೆಯ ಹಾರ್ಡ್‌ಡಿಸ್ಕಿನ ಆರೋಗ್ಯ ಚೆನ್ನಾಗಿದ್ದರೆ ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಇನ್ನೊಂದು ಪ್ರತಿ ಇಡಲು ಬಳಸಬಹುದು. ತಿಂಗಳಿಗೊಮ್ಮೆ ನಕಲು ಮಾಡಿ, ಕೂಡಲೇ ಕಿತ್ತು ಕಪಾಟಿನಲ್ಲಿಡಿ. ಸದಾ ಜೋಡಿಸಿಯೇ ಇಟ್ಟರೆ ಸಿಡಿಲು ಬಡಿದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಗುಡುಗು ಶುರುವಾದಾಗ ಕಂಪ್ಯೂಟರಿನ ಪ್ಲಗ್ಗಿನ ಜತೆ ಇಂಟರ್ನೆಟ್ಟಿನ ವೈರನ್ನೂ ಕಿತ್ತಿಡಬೇಕು.