ಗುಳ್ಳೆ ನಿಂತರೆ ಬಿಯರ್ ಆಯಿತೇ?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್‌ಗಳು ಕಾಣುತ್ತವೆ. ತಿಕೋಟಾ, ಬಬಲೇಶ್ವರ ಭಾಗದ ಬೆಳೆಗಾರರಿಗೆ ‘ಬ್ರಿಕ್ಸ್’ ದಿನಬಳಕೆಯ ಮಾತು. ಎರಡು ಹನಿ ರಸವನ್ನು ರಿಫ್ರ್ಯಾಕ್ಟೋಮೀಟರಿನ ಗಾಜಿಗೆ ಬಿಟ್ಟು ಬೆಳಕಿಗೆ ಹಿಡಿದರೆ ಸಾಕು, ಸಿಹಿ ಎಷ್ಟೆಂದು ಗೊತ್ತಾಗುತ್ತದೆ. 22 ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಸುಮಾರು 22 ಗ್ರಾಂ ಸಕ್ಕರೆ.

ತೋಟದಲ್ಲಿ ಇಷ್ಟು ನಂಬಿಕಸ್ಥವಾದ ಈ ಉಪಕರಣ, ರಸ ಹುದುಗತೊಡಗಿದೊಡನೆ ದಾರಿ ತಪ್ಪಿಸುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆಲ್ಕೋಹಾಲ್ ಕೂಡ ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸುವುದರಿಂದ, ಸಕ್ಕರೆಯೆಲ್ಲ ತೀರಿದ ವೈನಿನಲ್ಲೂ ರಿಫ್ರ್ಯಾಕ್ಟೋಮೀಟರ್ ಏಳೆಂಟು ಬ್ರಿಕ್ಸ್ ತೋರಿಸಬಲ್ಲದು. ಲೆಕ್ಕ ಹಾಕಿ ತಿದ್ದದೆ ಆ ಅಂಕಿಯನ್ನು ನಂಬುವಂತಿಲ್ಲ.

ಬಿಯರ್ ಹಾಕುವವರನ್ನೂ ಇಂಥದೇ ಒಂದು ಗುರುತು ದಾರಿ ತಪ್ಪಿಸುತ್ತದೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು ಅಬಕಾರಿ ಕಾಯ್ದೆ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೆ 1963ರಿಂದ ಲೈಸೆನ್ಸ್ ಬೇಕಿಲ್ಲ. ಅಮೆರಿಕ 1978ರ ಕಾನೂನಿನಿಂದ ಅದಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಅಂಥ ದೇಶಗಳಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗರು ಮೊದಲ ಸಲ ಬಿಯರ್ ಹಾಕಿದಾಗ ಕಣ್ಣು ನೆಡುವುದು ಪಾತ್ರೆಯ ಮುಚ್ಚಳದಿಂದ ಅನಿಲ ಹೊರಬಿಡುವ ಏರ್‌ಲಾಕಿನ ಗುಳ್ಳೆಗಳ ಮೇಲೆ. ಗುಳ್ಳೆ ಬಂದರೆ ಹುದುಗುತ್ತಿದೆ, ನಿಂತರೆ ಮುಗಿಯಿತು ಎಂಬ ಲೆಕ್ಕಾಚಾರ. ಆದರೆ ಮುಚ್ಚಳ ಸಡಿಲವಿದ್ದರೆ ಅನಿಲ ಬೇರೆ ಕಡೆಯಿಂದ ಹೋಗಿ ಗುಳ್ಳೆಯೇ ಕಾಣದಿರಬಹುದು. ಹುದುಗುವುದು ಮುಗಿದ ಮೇಲೂ ಕೋಣೆ ಬಿಸಿಯಾದರೆ ಕರಗಿದ್ದ ಅನಿಲ ಹೊರಬಿದ್ದು ಗುಳ್ಳೆ ಬರಬಹುದು.

ನನ್ನ ದೃಷ್ಟಿಯಲ್ಲಿ ಹೊಸಬರು ಮೊದಲು ಕೊಳ್ಳಬೇಕಾದ್ದು ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ. ಸಕ್ಕರೆ ಹೆಚ್ಚಿದ್ದಷ್ಟೂ ದ್ರವದ ಸಾಂದ್ರತೆ ಹೆಚ್ಚು, ಗಾಜಿನ ಕಡ್ಡಿ ಮೇಲೆ ತೇಲುತ್ತದೆ. ಹುದುಗಿದಂತೆಲ್ಲ ಅದು ಕೆಳಗಿಳಿಯುತ್ತದೆ. ಬ್ರಿಟನ್ನಿನ ಜಾನ್ ರಿಚರ್ಡ್‌ಸನ್ 1784ರಷ್ಟು ಹಿಂದೆಯೇ ಬಿಯರ್ ತಯಾರಿಕೆಯಲ್ಲಿ ಇಂಥ ಅಳತೆಯ ಬಗ್ಗೆ ಪುಸ್ತಕ ಬರೆದಿದ್ದ. ಯೀಸ್ಟ್ ಒಂದು ಜೀವಿಯೆಂಬುದೇ ಆಗ ಗೊತ್ತಿರಲಿಲ್ಲ!

ನೀರಿನ ಸಾಂದ್ರತೆಯನ್ನು 1.000 ಎಂದು ಹಿಡಿದರೆ, ಸಾಮಾನ್ಯ ಬಿಯರ್ 1.050ರಲ್ಲಿ ಶುರುವಾಗಿ 1.010ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಈ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ, ಇಲ್ಲಿ ಸುಮಾರು 5.2. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಸಲ ಅಳೆದಾಗ ಅಂಕಿ ಬದಲಾಗದಿದ್ದರೆ ಯೀಸ್ಟ್ ಕೆಲಸ ನಿಲ್ಲಿಸಿದೆ ಎಂದರ್ಥ. ನಿಲ್ಲಿಸಿದ ಮಾತ್ರಕ್ಕೆ ಮುಗಿಸಿದೆ ಎಂದಲ್ಲ. 1.030ಕ್ಕೇ ನಿಂತುಬಿಟ್ಟಿದ್ದರೆ ಚಳಿಗೋ ಅತಿ ಬಿಸಿಗೋ ಯೀಸ್ಟ್ ಸೋತಿರಬಹುದು. ಆದ್ದರಿಂದ ಶುರುವಿನ ಅಂಕಿಯನ್ನು ಬರೆದಿಟ್ಟುಕೊಂಡಿರಲೇಬೇಕು.

ಅಳೆಯುವಾಗ ಎರಡು ಎಚ್ಚರ ಬೇಕು. ಗಾಜಿಗೆ ಅಂಟಿದ ಗುಳ್ಳೆಗಳು ಕಡ್ಡಿಯನ್ನು ಮೇಲಕ್ಕೆತ್ತುತ್ತವೆ, ಬೆರಳಿನಿಂದ ತಿರುಗಿಸಿ ಬಿಡಿಸಬೇಕು. ಇನ್ನೊಂದು ಉಷ್ಣತೆ: 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 35 ಡಿಗ್ರಿಯ ದ್ರವದಲ್ಲಿ ಸುಮಾರು 0.004 ಕಡಿಮೆ ತೋರಿಸುತ್ತದೆ. ನಮ್ಮ ವಿಜಯಪುರದಂಥ ಬೇಸಿಗೆ ಇರುವಲ್ಲಿ ಇದು ಸಣ್ಣ ತಪ್ಪಲ್ಲ.

ಹುದುಗುವುದು ಮುಗಿಯುವ ಮೊದಲೇ ಅವಸರಪಟ್ಟು ತುಂಬಿದರೆ ಬಾಟಲಿಯೇ ಒಡೆಯಬಹುದು. ಲೀಟರಿಗೆ ಕೇವಲ 4 ಗ್ರಾಂ ಸಕ್ಕರೆ ಬಾಟಲಿಯೊಳಗೆ ಹುದುಗಿದರೂ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. 1.010ಕ್ಕೆ ಇಳಿಯಬೇಕಾದ ಬಿಯರನ್ನು 1.020ರಲ್ಲೇ ತುಂಬಿ ಮುಚ್ಚಿದರೆ ಇದರ ಐದು ಪಟ್ಟು ಅನಿಲ ಒಳಗೇ ಸೇರಿಕೊಳ್ಳುತ್ತದೆ. ಸಾಮಾನ್ಯ ಬಿಯರ್ ಬಾಟಲಿಯ ಗಾಜು ಅಷ್ಟು ಒತ್ತಡಕ್ಕೆಂದು ಮಾಡಿದ್ದಲ್ಲ.