ಬೆಲ್ ಬಾಟಂ (2019ರ ಕನ್ನಡ ಚಲನಚಿತ್ರ)

ಬೆಲ್ ಬಾಟಂ 2019ರ ಫೆಬ್ರವರಿ 15ರಂದು ತೆರೆಕಂಡ ಕನ್ನಡ ಚಲನಚಿತ್ರ. ಪತ್ತೇದಾರಿ ಕಥೆಯನ್ನು ಹಾಸ್ಯದ ಧಾಟಿಯಲ್ಲಿ ನಿರೂಪಿಸುವ ಈ ಚಿತ್ರವನ್ನು ನಿರ್ದೇಶಿಸಿದವರು ಜಯತೀರ್ಥ, ಕಥೆ ಟಿ. ಕೆ. ದಯಾನಂದ ಅವರದು. ರಿಷಬ್ ಶೆಟ್ಟಿ ಮತ್ತು ಹರಿಪ್ರಿಯಾ ಪ್ರಮುಖ ಪಾತ್ರಗಳಲ್ಲಿದ್ದಾರೆ. 2021ರಲ್ಲಿ ಬಂದ ಇದೇ ಹೆಸರಿನ ಹಿಂದಿ ಚಿತ್ರವು ವಿಮಾನಾಪಹರಣಕ್ಕೆ ಸಂಬಂಧಿಸಿದ್ದು, ಅದಕ್ಕೂ ಈ ಚಿತ್ರಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಕನ್ನಡದಲ್ಲಿ ಪತ್ತೇದಾರಿ ಕಥೆಗಳಿಗೆ ದೊಡ್ಡ ಓದುಗವರ್ಗವಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳು ಕೈಯಿಂದ ಕೈಗೆ ಸಾಗಿ, ಪುಸ್ತಕ ಹಿಡಿಯದವರಲ್ಲಿಯೂ ಓದಿನ ರುಚಿ ಹುಟ್ಟಿಸಿದವು. ಬೆಳ್ಳಿತೆರೆಯಲ್ಲಿ ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ (1968) ಚಿತ್ರದ ಮೂಲಕ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಜನಪ್ರಿಯರಾದರು. ಈ ಎರಡು ಪರಂಪರೆಗಳ ನೆನಪೇ ‘ಬೆಲ್ ಬಾಟಂ’ ಚಿತ್ರದ ಬುನಾದಿ. ಶೀರ್ಷಿಕೆಯು ಆ ಕಾಲದ ಯುವಕರ ಮೆಚ್ಚಿನ ಅಗಲ ಕಾಲಿನ ಪ್ಯಾಂಟನ್ನು ಸೂಚಿಸುತ್ತದೆ.

ಕಥಾಸಾರ

ಕಥೆ ನಡೆಯುವುದು 1980ರ ದಶಕದಲ್ಲಿ. ಪತ್ತೇದಾರಿ ಕಥೆಗಳ ಗುಂಗಿನಲ್ಲಿ ಬೆಳೆದ ದಿವಾಕರನಿಗೆ ಪತ್ತೇದಾರನಾಗುವ ಹಂಬಲ. ಮಗನಿಗೊಂದು ಭದ್ರವಾದ ಸರ್ಕಾರಿ ನೌಕರಿ ಸಿಗಲೆಂಬುದು ತಂದೆಯ ಆಸೆ. ಹಾಗಾಗಿ ಆತ ಕಾನ್‌ಸ್ಟೆಬಲ್ ಆಗಬೇಕಾಗುತ್ತದೆ. ಅಷ್ಟರಲ್ಲಿ ಪೊಲೀಸ್ ಠಾಣೆಗಳಲ್ಲಿಯೇ ಕಳವು ಆರಂಭವಾಗುತ್ತದೆ; ಜಪ್ತಿ ಮಾಡಿ ಇರಿಸಿದ್ದ ಬೆಲೆಬಾಳುವ ಸೊತ್ತು ಕಾಣೆಯಾಗುತ್ತದೆ. ಕಳವಾದರೆ ಜನರು ಠಾಣೆಗೆ ದೂರು ಕೊಡುತ್ತಾರೆ. ಠಾಣೆಯಲ್ಲಿಯೇ ಕಳವಾದರೆ ಇಲಾಖೆ ಯಾರಿಗೆ ದೂರಬೇಕು? ಚಿತ್ರದ ನಗೆಯೂ ಕುತೂಹಲವೂ ಈ ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ. ಇಲಾಖೆಯ ಮಾನ ಉಳಿಸುವ ಹೊಣೆ ದಿವಾಕರನ ಹೆಗಲಿಗೇರುತ್ತದೆ.

ಪಾತ್ರವರ್ಗ

ದಿವಾಕರನಾಗಿ ರಿಷಬ್ ಶೆಟ್ಟಿ ನಟಿಸಿದ್ದಾರೆ. ‘ಕಿರಿಕ್ ಪಾರ್ಟಿ’ (2016) ಮತ್ತು ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಚಿತ್ರಗಳ ನಿರ್ದೇಶಕರೆಂದು ಹೆಸರಾಗಿದ್ದ ಅವರನ್ನು ಪ್ರೇಕ್ಷಕರು ನಾಯಕನಟನಾಗಿ ಒಪ್ಪಿಕೊಳ್ಳಲು ಈ ಚಿತ್ರ ನೆರವಾಯಿತು. ದಿವಾಕರ ಸೋಲರಿಯದ ವೀರನಲ್ಲ. ಓದಿದ್ದನ್ನು ನಿಜವೆಂದು ನಂಬಿದ, ತಪ್ಪುತ್ತಲೇ ಕಲಿಯುವ ಸಾಮಾನ್ಯ ಯುವಕ.

ಕಳ್ಳಭಟ್ಟಿಯ ನಂಟುಳ್ಳ ದಿಟ್ಟ ಹೆಣ್ಣು ಕುಸುಮಳಾಗಿ ಹರಿಪ್ರಿಯಾ ಕಾಣಿಸಿಕೊಂಡಿದ್ದಾರೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಕಥೆಯ ಕಾಲದಲ್ಲಿ ಪರವಾನಗಿ ಪಡೆದ ಸಾರಾಯಿ ಅಂಗಡಿಗಳಿದ್ದವು, ಕಳ್ಳಭಟ್ಟಿ ಮಾತ್ರ ಅಪರಾಧವಾಗಿತ್ತು. ಆದುದರಿಂದ ಕಾನ್‌ಸ್ಟೆಬಲ್ ಮತ್ತು ಕುಸುಮಳ ಒಲವಿನಲ್ಲಿಯೇ ಕಾನೂನಿನ ಇಕ್ಕಟ್ಟು ಅಡಗಿದೆ.

ತಂದೆಯ ಪಾತ್ರದಲ್ಲಿ ಅಚ್ಯುತ್ ಕುಮಾರ್ ಇದ್ದಾರೆ. ಪ್ರಮೋದ್ ಶೆಟ್ಟಿ ಮತ್ತು ಸುಜಯ್ ಶಾಸ್ತ್ರಿ ಪೋಷಕ ಪಾತ್ರಗಳಲ್ಲಿದ್ದಾರೆ. ‘ಮುಂಗಾರು ಮಳೆ’ಯ ನಿರ್ದೇಶಕ ಯೋಗರಾಜ್ ಭಟ್ ಮತ್ತು ‘ದೊರೆ’ಯ ನಿರ್ದೇಶಕ ಶಿವಮಣಿ ನಟರಾಗಿ ಕಾಣಿಸಿಕೊಂಡಿರುವುದು ವಿಶೇಷ.

ತಂತ್ರಜ್ಞರು

ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದು, ಛಾಯಾಗ್ರಹಣ ಅರವಿಂದ್ ಕಶ್ಯಪ್ ಅವರದು. ಈ ಇಬ್ಬರು ಹಾಗೂ ರಿಷಬ್ ಶೆಟ್ಟಿ, ಅಚ್ಯುತ್ ಕುಮಾರ್, ಪ್ರಮೋದ್ ಶೆಟ್ಟಿ ಮುಂದೆ ‘ಕಾಂತಾರ’ (2022) ಚಿತ್ರದಲ್ಲಿಯೂ ಜೊತೆಯಾದರು.

ಚಿತ್ರದ ಆಕರ್ಷಣೆ

ಅಪರಾಧ ಮತ್ತು ಹಾಸ್ಯವನ್ನು ಬೆಸೆಯುವ ಪದ್ಧತಿ ಹಳೆಯದು. ಹಾಲಿವುಡ್‌ನ ‘ದಿ ಥಿನ್ ಮ್ಯಾನ್’ (1934) ಚಿತ್ರದಲ್ಲಿ ವಿಲಿಯಂ ಪೊವೆಲ್ ಮತ್ತು ಮಿರ್ನಾ ಲಾಯ್ ದಂಪತಿಗಳಾಗಿ ನಟಿಸಿ, ಕೊಲೆಯ ತನಿಖೆಯ ನಡುವೆಯೂ ಚುರುಕು ಮಾತಿನಿಂದ ರಂಜಿಸಿದರು. ಆ ಜೋಡಿಯ ಚಿತ್ರಗಳು 1947ರವರೆಗೆ ಒಟ್ಟು ಆರು ಬಂದವು. ಅಲ್ಲಿ ಪತ್ತೇದಾರ ನುರಿತವನು, ಸಿರಿವಂತ. ಇಲ್ಲಿ ಆತ ಕೆಳಹಂತದ ನೌಕರ. ಗೆದ್ದರೆ ಕೀರ್ತಿ ಮೇಲಿನವರಿಗೆ, ಸೋತರೆ ಅಪವಾದ ತನಗೆ ಎಂಬ ಸ್ಥಿತಿ ಅವನದು. ಹಾಗಾಗಿ ನಗುವಾಗಲೂ ಪ್ರೇಕ್ಷಕರಿಗೆ ಅವನ ಬಗೆಗೆ ಕಾಳಜಿ ಉಳಿಯುತ್ತದೆ.

ಕಾಲದ ಆಯ್ಕೆಯೂ ಕೇವಲ ಅಲಂಕಾರವಲ್ಲ. ಮೊಬೈಲ್ ಮತ್ತು ಸಿ.ಸಿ. ಕ್ಯಾಮೆರಾ ಇಲ್ಲದ ದಿನಗಳಲ್ಲಿ ತನಿಖೆಗಾರನು ಕಣ್ಣು, ಕಿವಿ ಮತ್ತು ತರ್ಕವನ್ನೇ ನಂಬಬೇಕು. ಆಗ ಪ್ರೇಕ್ಷಕನೂ ಅವನೊಂದಿಗೆ ಸುಳಿವು ಹುಡುಕಬಲ್ಲ. ಹಿರಿಯರಿಗೆ ತಾವು ಓದಿದ ಪುಸ್ತಕಗಳ ನೆನಪನ್ನೂ ಕಿರಿಯರಿಗೆ ಒಂದು ಮರೆತ ಓದಿನ ಲೋಕದ ಪರಿಚಯವನ್ನೂ ಚಿತ್ರವು ಒಟ್ಟಿಗೆ ನೀಡುತ್ತದೆ.